ಹೊಳೆದಂಡೆಯ ಸೊನ್ನೆಗಳು

ನಮ್ಮಮ್ಮ ಇವತ್ತಿಗೂ ಟೀ ಸೋಸುವ ಜರಡಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಹೊಸದು ತಂದುಕೊಟ್ಟೆ, ಅದೂ ಹಳೆಯದಾಯಿತು. ಹಿಂದಿನದನ್ನು ನಾನು ಏನಕ್ಕೆ ಬಳಸಿದ್ದೆ ಅನ್ನುವುದನ್ನು ಮಾತ್ರ ಅವಳು ಮರೆತಿಲ್ಲ. ಎಮ್ಮೆಸ್ಸಿಯ ಕೊನೆಯ ವರ್ಷ, ಜನವರಿಯಿಂದ ಏಪ್ರಿಲ್‌ವರೆಗೆ, ಕಾವೇರಿ ದಂಡೆಯಲ್ಲಿ ನೀರುನಾಯಿಯ ಹಿಕ್ಕೆ ಹುಡುಕುವುದೇ ನನ್ನ ಕೆಲಸವಾಗಿತ್ತು. ಸಿಕ್ಕಿದ್ದನ್ನು ಡಬ್ಬಿಗೆ ಹಾಕಿ ತಂದು, ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರುಗಳನ್ನು ಹಳೇ ಪೇಪರಿನ ಮೇಲೆ ಒಣಗಿಸುತ್ತಿದ್ದೆ. "ಇದ್ಕಾ ನಿನ್ನ ಮೈಸೂರಿಗೆ ಕಳ್ಸಿದ್ದು?" ಅಂತ ಅಪ್ಪ ಕೇಳಿದ್ದು ಒಂದೇ ಸಲ. ಅಮ್ಮ ದಿನಾ ಕೇಳಿದಳು.

ನಮ್ಮದು ಬನ್ನೂರಿನ ಕಡೆಯ ಹಳ್ಳಿ. ಬನ್ನೂರು ಅಂದರೆ ಎಲ್ಲರಿಗೂ ಕುರಿ ನೆನಪಾಗುತ್ತದೆ, ನನಗೂ ಹಾಗೇ. ಮನೆಯಿಂದ ಹೊಳೆಗೆ ಅರ್ಧ ಗಂಟೆಯ ನಡಿಗೆ, ಚಿಕ್ಕವಳಿದ್ದಾಗಿನಿಂದ ಈಜಿದ ಹೊಳೆ. ಆದರೂ ಪ್ರಾಣಿ ಅಂದರೆ ನಾಗರಹೊಳೆ, ಬಂಡೀಪುರ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಹುಲಿಯ ಕೆಲಸ ಮಾಡುತ್ತೇನೆ ಅಂದಾಗ ನಮ್ಮ ಗೈಡ್ ಮೇಡಂ, "ಹುಲಿಗೆ ಜನ ಇದ್ದಾರೆ. ನಿಮ್ಮೂರ ಹೊಳೇಲಿ ಏನಿದೆ ಗೊತ್ತಾ?" ಅಂದರು. "ಮೀನು" ಅಂದೆ. "ಮೀನು ತಿನ್ನೋದು?" "ನಾವು."

ಅವರು ನಕ್ಕು, ಓದಲು ಒಂದಷ್ಟು ಕಾಗದ ಕೊಟ್ಟು ಕಳಿಸಿದರು. ಬಯಲಿನ ಕಾವೇರಿಯಲ್ಲಿರುವುದು ನುಣುಪು ಕೂದಲಿನ ನೀರುನಾಯಿ. ಕೊಡಗಿನ ಕಡೆಯ ಬೆಟ್ಟದ ತೊರೆಗಳಲ್ಲಿ ಏಡಿ ತಿಂದು ಬದುಕುವ, ಉಗುರು ಚಿಕ್ಕದಾದ ಇನ್ನೊಂದು ಜಾತಿ ಇದೆ. ನಮ್ಮದು ಮೀನಿನದು, ಗುಂಪಿನದು, ಅಪ್ಪ, ಅಮ್ಮ, ಹೋದ ಸಲದ ಮರಿ, ಈ ಸಲದ ಮರಿ ಎಲ್ಲ ಸೇರಿ ಓಡಾಡುವಂಥದು. ಬಾಲ ಬುಡದಲ್ಲಿ ದಪ್ಪ, ತುದಿಯ ಕಡೆಗೆ ಚಪ್ಪಟೆ. ಚರ್ಮಕ್ಕೂ ಸಾಕುವ ಶೋಕಿಗೂ ಇವನ್ನು ಹಿಡಿದು ಮಾರುವುದು ಏಷ್ಯಾದಲ್ಲೆಲ್ಲ ಹೆಚ್ಚಿದ್ದರಿಂದ 2019ರಲ್ಲಿ ಎರಡೂ ಜಾತಿಗಳನ್ನು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅವಕಾಶವೇ ಇಲ್ಲದ ಸೈಟೀಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು. ಇಷ್ಟು ದೊಡ್ಡ ಸುದ್ದಿಯ ಪ್ರಾಣಿ ನಮ್ಮ ಹೊಲದ ಅಂಚಿಗೇ ಇದೆ ಅನ್ನುವುದು ನನಗೆ ಓದಿ ಗೊತ್ತಾಗಬೇಕಾಯಿತು. ಅಪ್ಪನಿಗೆ ಹೇಳಿದರೆ, "ಅದ್ಯಾಕೆ, ನಿಮ್ಮಜ್ಜ ಕೂಗಿ ಓಡುಸ್ತಿರ್ಲಿಲ್ವಾ" ಅಂದು ಪೇಪರ್ ಓದುವುದಕ್ಕೆ ಕೂತರು.

ಅರಣ್ಯ ಇಲಾಖೆಯ ಅನುಮತಿಗೆ ಓಡಾಡಿದ್ದು ಬೇರೆಯೇ ಕಥೆ, ಅದು ಬೇಡ. ಹಿಕ್ಕೆ ಎತ್ತುವುದಕ್ಕೂ ಕಾಗದ ಬೇಕು ಅನ್ನುವುದಷ್ಟು ಗೊತ್ತಿದ್ದರೆ ಸಾಕು.

ಕೆಲಸದ ವಿಧಾನ ಹೇಳಲು ಸುಲಭ. ಶ್ರೀರಂಗಪಟ್ಟಣದ ಸಂಗಮದ ಕೆಳಗಿನಿಂದ ಟಿ. ನರಸೀಪುರದ ದಿಕ್ಕಿಗೆ ಹೊಳೆಯ ಒಂದೇ ದಡದ 24 ಕಿಲೋಮೀಟರನ್ನು ನಕ್ಷೆಯಲ್ಲಿ ಅರ್ಧರ್ಧ ಕಿಲೋಮೀಟರಿನ 48 ತುಂಡು ಮಾಡಿಕೊಂಡೆವು. ಪ್ರತಿ ತುಂಡನ್ನೂ ನೀರಿನಂಚಿನಿಂದ ಹತ್ತು ಮೀಟರ್ ಒಳಗೆ ನಿಧಾನವಾಗಿ ನಡೆಯುವುದು. ಹಿಕ್ಕೆ, ಹೆಜ್ಜೆ, ಬಿಲ, ಮರಳಲ್ಲಿ ಹೊರಳಾಡಿದ ಗುರುತು, ಯಾವುದಾದರೂ ಒಂದು ಸಿಕ್ಕಿದರೆ 1, ಸಿಗದಿದ್ದರೆ 0. ಜೊತೆಗೆ ದಂಡೆಯ ಲೆಕ್ಕ: ಬಂಡೆಯೋ ಮರಳೋ ಕೆಸರೋ, ಇಳಿಜಾರು ಎಷ್ಟು, ಜೊಂಡು ಎಷ್ಟು, ಅಂತರಗಂಗೆ ಹಬ್ಬಿದೆಯಾ, ಮರದ ನೆರಳಿದೆಯಾ, ಎಷ್ಟು ಬಲೆ, ಬಟ್ಟೆ ಒಗೆಯುವ ಕಲ್ಲು, ಮರಳು ತೆಗೆದ ಗುಂಡಿ, ದನ, ಎಮ್ಮೆ. ಎಲ್ಲ ತುಂಡಿಗೂ ಮೂರು ಮೂರು ಸಲ ಹೋಗಬೇಕು. ನನ್ನ ಜೊತೆ ಒಬ್ಬಳು ಜೂನಿಯರ್, ಅವಳ ಸ್ಕೂಟಿ, ಎರಡು ಟೋಪಿ, ಒಂದು ಡಬ್ಬಿ ಚಿತ್ರಾನ್ನ.

ಮಾಡಲು ಅಷ್ಟು ಸುಲಭವಿರಲಿಲ್ಲ. ಮೊದಲ ಮೂರು ದಿನ ನಾವು ಎತ್ತಿಕೊಂಡು ಬಂದದ್ದು ಮುಂಗುಸಿಯದು, ಪುನುಗು ಬೆಕ್ಕಿನದು, ಒಂದು ಸಲ ನಾಯಿಯದು. ಪುನುಗಿನದರಲ್ಲಿ ಬೀಜ ತುಂಬಿರುತ್ತದೆ. ನೀರುನಾಯಿಯದನ್ನು ಮೂಗು ಹಿಡಿಯುತ್ತದೆ. ಹೊಸದಾಗಿದ್ದರೆ ಕಪ್ಪು ಹಸಿರು, ಲೋಳೆಲೋಳೆ, ಸಂತೆ ಮುಗಿದ ಮೇಲಿನ ಮೀನಂಗಡಿಯ ವಾಸನೆ. ನಾಲ್ಕು ದಿನ ಬಿಸಿಲು ಕಂಡರೆ ಬೂದಿ ಬಣ್ಣಕ್ಕೆ ತಿರುಗಿ, ಕೈಯಲ್ಲಿ ಹಿಡಿದರೆ ಹುರುಪೆ ಹುರುಪೆಯಾಗಿ ಉದುರುತ್ತದೆ. ಹೆಜ್ಜೆಯ ಗುರುತಿಗೆ ನಾವೇ ಒಂದು ಮಾತು ಕಟ್ಟಿಕೊಂಡೆವು: ನಾಯಿಗೆ ನಾಲ್ಕು, ನೀರುನಾಯಿಗೆ ಐದು. ಹಸಿ ಮರಳಾದರೆ ಬೆರಳುಗಳ ನಡುವಿನ ಪೊರೆಯೂ ಮೂಡಿರುತ್ತದೆ. ಗುಂಪಿಗೆಲ್ಲ ಒಂದೇ ಪಾಯಿಖಾನೆ. ನೀರಿಗೆ ಚಾಚಿದ ಚಪ್ಪಟೆ ಬಂಡೆಯೋ, ಮರಳ ದಿಬ್ಬವೋ ಒಂದನ್ನು ಆರಿಸಿಕೊಂಡರೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ಬರಿಯ ವಿಸರ್ಜನೆಯಲ್ಲ ಅದು, ಈ ಜಾಗ ನಮ್ಮದು ಅಂತ ಹಾಕುವ ಬೋರ್ಡು. ಇಪ್ಪತ್ನಾಲ್ಕು ಕಿಲೋಮೀಟರ್ ದಂಡೆಯಲ್ಲಿ ಹೆಂಗಸರಿಬ್ಬರು ದಿನವಿಡೀ ಓಡಾಡಬೇಕಾದಾಗ, ಆ ಪ್ರಾಣಿಗಿದ್ದ ಸೌಕರ್ಯ ನಮಗಿಲ್ಲವಲ್ಲ ಅಂತ ಹೊಟ್ಟೆಕಿಚ್ಚಾದದ್ದೂ ಉಂಟು. ಫೀಲ್ಡ್ ವರ್ಕಿನ ಪಾಠದಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೀರು ಕಡಿಮೆ ಕುಡಿದು ಫೆಬ್ರವರಿಯಲ್ಲಿ ಉರಿಮೂತ್ರ ತಂದುಕೊಂಡ ಮೇಲೆ, ದಾರಿಯಲ್ಲಿ ಯಾವ ಊರಿನ ಯಾವ ಮನೆಯವರು ಬಾಗಿಲು ತೆಗೆಯುತ್ತಾರೆ ಅನ್ನುವ ಇನ್ನೊಂದು ನಕ್ಷೆ ಮಾಡಿಕೊಂಡೆವು. ಅದು ಪ್ರಬಂಧಕ್ಕೆ ಸೇರಲಿಲ್ಲ.

ಮೊಸಳೆಯ ಭಯವಿತ್ತು. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ದೋಣಿಯಿಂದ ನೋಡಿ ಫೋಟೋ ತೆಗೆಯುವವರಿಗೆ ಅವು ಅಲ್ಲೇ ಇರುತ್ತವೆ ಅನ್ನಿಸುತ್ತದೆ. ಹೊಳೆಗೆ ಬೇಲಿ ಇಲ್ಲ. ಮರಳಿನ ಮೇಲೆ ಹೊಟ್ಟೆ ಎಳೆದ ಜಾರುದಾರಿ ಕಂಡರೆ ಆ ತುಂಡನ್ನು ದಡದ ಮೇಲಿನಿಂದಲೇ ನೋಡುವುದು, ನೀರಿನಂಚಿಗೆ ಕುಕ್ಕರಗಾಲಲ್ಲಿ ಕೂರಬಾರದು, ಒಬ್ಬಳು ಬಗ್ಗಿದರೆ ಇನ್ನೊಬ್ಬಳು ನೀರು ನೋಡುತ್ತಿರಬೇಕು. ಇಷ್ಟು ನಿಯಮ.

ಜನರನ್ನು ಕೇಳುವುದೂ ಕೆಲಸದ ಭಾಗವೇ. ಅದರಲ್ಲಿ ನಾನು ಮೊದಲೇ ಎಡವಿದೆ. "ಇಲ್ಲಿ ನೀರುನಾಯಿ ನೋಡಿದೀರಾ?" ಅಂದರೆ ಎಲ್ಲರೂ ನೋಡಿದ್ದಾರೆ. ಓದಲು ಬಂದಿರುವ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದು ಅಂತ ಅವರಿಗೆ. ಮೇಡಂ ಒಂದು ಉಪಾಯ ಹೇಳಿದರು: ಹೆಸರು ಹೇಳದೆ ಫೋಟೋ ತೋರಿಸು, ನಡುವೆ ಇಲ್ಲಿ ಇರಲು ಸಾಧ್ಯವೇ ಇಲ್ಲದ ಪ್ರಾಣಿಯದೊಂದು ಸೇರಿಸು. ಹಾಗೆ ಮುಂಗುಸಿ, ಪುನುಗು, ನೀರುನಾಯಿ, ಮೊಸಳೆಯ ಜೊತೆ ಹಿಮದ ಮೇಲೆ ಮಲಗಿದ ಒಂದು ಸೀಲ್‌ನ ಚಿತ್ರವನ್ನೂ ಇಟ್ಟುಕೊಂಡೆವು. ಅರಕೆರೆ ಕಡೆಯ ಒಬ್ಬ ಹಿರಿಯರು ಕನ್ನಡಕ ಏರಿಸಿ, ಸೀಲ್ ಮೇಲೆ ಬೆರಳಿಟ್ಟು, "ಇದು ನಮ್ಮತಾವ ಬರೀ ಮಳೆಗಾಲಕ್ಕೆ ಬತ್ತದೆ ಕಣವ್ವ" ಅಂದರು. ಅವರು ಹೇಳಿದ ಉಳಿದದ್ದನ್ನೆಲ್ಲ ಬಲು ಬೇಜಾರಿನಿಂದ ಹೊಡೆದು ಹಾಕಿದೆ. ಮೊಸಳೆಯ ಬಗ್ಗೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಅನುಮಾನದಿಂದ ನೋಡಿದವರೂ ಇದ್ದರು. 2022ರ ಕೊನೆಯಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ಜನ ಬಲಿಯಾದ ಮೇಲೆ, ಕೈಯಲ್ಲಿ ಫಾರಂ ಹಿಡಿದು ಕಬ್ಬಿನ ಗದ್ದೆ ಪಕ್ಕ ನಡೆಯುವವರು ಯಾರೇ ಆದರೂ ಮೊದಲ ಪ್ರಶ್ನೆ ಒಂದೇ: "ಕಾಡಿನೋರಾ? ಇಲ್ಲಿ ಏನ್ ತಂದ್ ಬುಡಕ್ಕೆ ಬಂದಿದೀರಿ?" ಏನೂ ಬಿಡುವುದಿಲ್ಲ, ಇರುವುದನ್ನು ಎಣಿಸುವುದಷ್ಟೇ ಅಂದರೆ ನಂಬುತ್ತಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲ ಸುತ್ತು ಜನವರಿ ಕೊನೆಗೆ ಮುಗಿಯಿತು. ನಲವತ್ತೆಂಟರಲ್ಲಿ 14 ತುಂಡುಗಳಲ್ಲಿ ಗುರುತು ಸಿಕ್ಕಿತ್ತು. ಎರಡನೇ ಸುತ್ತು ಫೆಬ್ರವರಿ ಕೊನೆಯ ವಾರ. ಎರಡೇ ದಿನಕ್ಕೆ ನನ್ನ ಎದೆ ಧಸಕ್ಕೆಂದಿತು. ಹೋದ ಸಲ ಹಿಕ್ಕೆಯ ರಾಶಿಯೇ ಇದ್ದ ಬಂಡೆಗಳು ಖಾಲಿ. ಹೆಜ್ಜೆ ತುಂಬಿದ್ದ ಮರಳು ಇಸ್ತ್ರಿ ಮಾಡಿದ ಹಾಗಿದೆ. ಸುತ್ತು ಮುಗಿದಾಗ ಎಣಿಸಿದರೆ ಮೂರೇ ಮೂರು ತುಂಡು. ನಡುವೆ ಎರಡು ಕಡೆ ಹೊಸದಾಗಿ ಮರಳು ಎತ್ತಿದ ಗುಂಡಿ ಕಂಡಿದ್ದೆವು, ಒಂದು ಕಡೆ ತೋಟಾ ಸಿಡಿಸಿ ಮೀನು ಹಿಡಿದ ಗುರುತೂ ಇತ್ತು: ಅಂಗೈಯಗಲದ ಸತ್ತ ಮರಿಮೀನು ದಡಕ್ಕೆ ಸಾಲಾಗಿ ಬಂದು ಬಿದ್ದಿದ್ದವು. ಎಲ್ಲ ಕೂಡಿ ಬಂತು. ಒಂದೇ ರಾತ್ರಿ ಕೂತು, ಒಂದು ತಿಂಗಳೊಳಗೆ ಕಾವೇರಿಯ ಇಷ್ಟುದ್ದ ದಂಡೆಯಿಂದ ನೀರುನಾಯಿಗಳು ಜಾಗ ಖಾಲಿ ಮಾಡಿವೆ, ಮರಳು ದಂಧೆಯೇ ಕಾರಣ ಅಂತ ಮೂರು ಪುಟ ಬರೆದೆ. ಬರೆಯುವಾಗ ಕೈ ನಡುಗುತ್ತಿತ್ತು, ಸಿಟ್ಟಿಗೆ. ಪತ್ರಿಕೆಗೆ ಕಳಿಸೋಣ ಅಂತ ಮೇಡಂ ಮುಂದೆ ಇಟ್ಟೆ.

ಅವರು ಓದಿ, ನನ್ನ ದತ್ತಾಂಶದ ಹಾಳೆ ತೆಗೆದು ಸೊನ್ನೆಗಳ ಮೇಲೆ ಪೆನ್ನು ಆಡಿಸುತ್ತಾ ಕೇಳಿದರು: "ಇಲ್ಲ ಅಂತ ನಿನಗೆ ಯಾರು ಹೇಳಿದ್ದು?"

"ಹೋಗಿ ನೋಡಿದೆನಲ್ಲ ಮೇಡಂ."

"ನೋಡಿದಾಗ ಸಿಗಲಿಲ್ಲ. ಅಷ್ಟೇ ತಾನೆ?"

ನನಗೆ ಇದು ಮಾತಿನ ಚಮತ್ಕಾರ ಅನ್ನಿಸಿತು. ಮುಖ ಊದಿಸಿಕೊಂಡೇ ಊರಿಗೆ ಬಂದೆ. ಮಾರನೆಯ ದಿನ ಮಹದೇವಪುರದ ಕೆಳಗೆ, ತೆಪ್ಪದಲ್ಲಿ ತಂಗೂಸಿ ಬಲೆ ಬಿಡುವ ಒಬ್ಬ ಅಣ್ಣ ಸಿಕ್ಕಿದ. ಅವನಿಗೆ ನೀರುನಾಯಿ ಕಂಡರಾಗದು. ಬಲೆಗೆ ಬಿದ್ದ ಮೀನಿನ ತಲೆ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ತಿಂದು, ಬಲೆಯನ್ನೂ ಹರಿದು ಹೋಗುತ್ತವೆ ಅಂತ ಮೊದಲ ಸುತ್ತಿನಲ್ಲೇ ಬೈದಿದ್ದ. ಈಗ ನಾನು, "ಎಲ್ಲಾ ಹೋಗ್ಬಿಟ್ವಲ್ಲಣ್ಣ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಗೋದವು? ಅಮಾಸೆ ಮಾರ್ನೆ ದಿನ ಕಟ್ಟೆಯಿಂದ ನೀರ್ ಬುಟ್ಟಿದ್ರು. ಬಂಡೆಯೆಲ್ಲಾ ತೊಳ್ದೋಯ್ತು. ನೆನ್ನೆ ರಾತ್ರಿ ನನ್ ಬಲೆ ಹರ್ದೋ ನೋಡು" ಅಂತ ಎತ್ತಿ ಹಿಡಿದ. ಬಲೆಯಲ್ಲಿ ನನ್ನ ತಲೆ ತೂರುವಷ್ಟು ತೂತು.

ಕನ್ನಂಬಾಡಿ ಕಟ್ಟೆಯ ಕೆಳಗಿನ ಕಾವೇರಿ ಅದರ ಪಾಡಿಗೆ ಹರಿಯುವ ಹೊಳೆಯಲ್ಲ. ಬೇಸಿಗೆಯಲ್ಲೂ ಬೆಂಗಳೂರಿಗೆ ಕುಡಿಯಲು, ತಮಿಳುನಾಡಿನ ಪಾಲಿಗೆ, ನಾಲೆಗೆ ಅಂತ ಯಾರೋ ಗೇಟು ಎತ್ತುತ್ತಾರೆ, ಇಳಿಸುತ್ತಾರೆ. ನೀರು ಒಂದೂವರೆ ಅಡಿ ಏರಿ ಎರಡು ದಿನ ನಿಂತು ಇಳಿದರೆ ಸಾಕು, ನೀರಿನಂಚಿನ ಹಿಕ್ಕೆಯೆಲ್ಲ ಹೋಯಿತು. ನೀರುನಾಯಿ ಪಾಯಿಖಾನೆ ಮಾಡಿಕೊಳ್ಳುವುದೇ ಅಂಚಿನಲ್ಲಿ. ನಾನು ಎಣಿಸಿದ್ದು ನೀರುನಾಯಿಯನ್ನಲ್ಲ, ಗೇಟು ಎತ್ತಿದ್ದನ್ನು.

ಇದಕ್ಕಿಂತ ನಾಚಿಕೆಯಾದದ್ದು ಮನೆಯಲ್ಲಿ. ಅಪ್ಪ ದಿನಾ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಜೋರಾಗಿ ಓದುವುದು ಒಂದೇ ಸುದ್ದಿ: ಕೆಆರ್‌ಎಸ್, ಅಂದರೆ ಅದೇ ಕನ್ನಂಬಾಡಿ ಕಟ್ಟೆಯ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ನಾನು ಹುಟ್ಟಿದಾಗಿನಿಂದ ಕೇಳುತ್ತಿರುವ ಸುಪ್ರಭಾತ. ಹಿಕ್ಕೆ ಒಣಗಿಸಲು ನಾನು ಹಾಸುತ್ತಿದ್ದದ್ದೂ ಅದೇ ಪೇಪರು. ಅವತ್ತು ಸಂಜೆ ಅಪ್ಪನೂ ನಾನೂ ಅಟ್ಟದಿಂದ ಎರಡು ತಿಂಗಳ ಪೇಪರ್ ಇಳಿಸಿ, ದಿನದಿನದ ಹೊರಹರಿವು ಬರೆದುಕೊಂಡೆವು. ಹೊರಹರಿವಿನಲ್ಲಿ ನಾಲೆಗೆಷ್ಟು ಹೊಳೆಗೆಷ್ಟು ಅಂತ ಎಲ್ಲ ದಿನವೂ ಹಾಕಿರುವುದಿಲ್ಲ. ಅಪ್ಪ, "ಅವತ್ತು ವಿ.ಸಿ. ನಾಲೆ ಕಟ್ಟು ನೀರು, ನಿಲ್ಸಿದ್ರು. ಹಂಗಾದ್ರೆ ಇದು ಹೊಳೆಗೇ ಬುಟ್ಟಿದ್ದು" ಅಂತ ಒಂದೊಂದು ದಿನಕ್ಕೂ ಷರಾ ಹೇಳಿದರು. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ನಾಲೆ, ಅದಕ್ಕೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು ಕಟ್ಟು ನೀರು. ಮೂರು ದಿನದ ಪೇಪರ್ ಮಾತ್ರ ಓದಲಾಗಲಿಲ್ಲ, ಅವುಗಳ ಮೇಲೆ ಮೀನಿನ ಹುರುಪೆ ಅಂಟಿಕೊಂಡಿತ್ತು.

ಮೂರು ಪುಟದ ಲೇಖನವನ್ನು ಹರಿದು ಹಾಕಲಿಲ್ಲ, ಇನ್ನೂ ಇಟ್ಟುಕೊಂಡಿದ್ದೇನೆ. ಮರಳು ಗುಂಡಿ ಸುಳ್ಳಲ್ಲ, ತೋಟಾ ಸುಳ್ಳಲ್ಲ, ಅವು ಹೊಳೆಗೆ ಮಾಡುವ ಕೇಡೂ ಸುಳ್ಳಲ್ಲ. ಸುಳ್ಳಾಗಿದ್ದದ್ದು ನನ್ನ ಸೊನ್ನೆ. ಅದು ಅಚ್ಚಾಗಿದ್ದಿದ್ದರೆ, ಮುಂದಿನ ತಿಂಗಳು ಯಾರೋ ಒಬ್ಬರು ಅದೇ ಬಂಡೆಯ ಮೇಲೆ ನೀರುನಾಯಿಯ ವಿಡಿಯೋ ತೆಗೆದು ಹಾಕಿದ್ದರೆ, ಮರಳಿನ ಮಾತನ್ನೂ ಯಾರೂ ನಂಬುತ್ತಿರಲಿಲ್ಲ.

ಆಮೇಲೆ ಮೇಡಂ ಲೆಕ್ಕ ಹೇಳಿಕೊಟ್ಟರು. ಪ್ರಾಣಿ ಇರುವ ತುಂಡಿಗೆ ಒಂದು ಸಲ ಹೋದಾಗ ಗುರುತು ಸಿಗುವ ಸಂಭವ ಅರ್ಧ ಅಂತಿಟ್ಟುಕೋ, ನಾಣ್ಯ ಚಿಮ್ಮಿದ ಹಾಗೆ. ಎರಡು ಸಲ ಹೋಗಿಯೂ ತಪ್ಪಿಹೋಗುವುದು ನಾಲ್ಕರಲ್ಲಿ ಒಂದು ಸಲ. ಮೂರು ಸಲವೂ ತಪ್ಪುವುದು ಎಂಟರಲ್ಲಿ ಒಂದು. ಮತ್ತೆ ಮತ್ತೆ ಹೋಗುವುದು ಇದಕ್ಕೇ, ಅನುಭವ ಹೆಚ್ಚಲಿ ಅಂತಲ್ಲ. ಪ್ರತಿ ತುಂಡಿಗೂ ಮೂರಂಕಿಯ ಒಂದು ಜಾತಕ ಬರುತ್ತದೆ: 101, 010, 110, 000. ಒಂದು ಸಲವಾದರೂ 1 ಬಂದ ತುಂಡುಗಳಲ್ಲಿ ಪ್ರಾಣಿ ಇದ್ದದ್ದು ಖಚಿತವಾದ್ದರಿಂದ, ಅಲ್ಲಿನ ಸೊನ್ನೆಗಳೆಲ್ಲ ನಮ್ಮ ಕಣ್ಣು ತಪ್ಪಿದ್ದು ಅಂತಾಯಿತು. ಅದರಿಂದ ನಾವು ಎಷ್ಟು ತಪ್ಪುತ್ತೇವೆ ಅನ್ನುವುದರ ಅಂದಾಜು ಸಿಗುತ್ತದೆ. ಆ ಅಂದಾಜನ್ನು ಹಿಡಿದು 000 ಇರುವ ತುಂಡುಗಳಲ್ಲಿ ಎಷ್ಟರಲ್ಲಿ ನಿಜಕ್ಕೂ ಇಲ್ಲ, ಎಷ್ಟರಲ್ಲಿ ಇದ್ದೂ ಕಾಣಲಿಲ್ಲ ಅಂತ ಬೇರೆ ಮಾಡಬಹುದು. ಇದಕ್ಕೆ ಆಕ್ಯುಪೆನ್ಸಿ ಮಾದರಿ ಅನ್ನುತ್ತಾರೆ, ಕಂಪ್ಯೂಟರ್ ಮಾಡಿಕೊಡುತ್ತದೆ. ನೀರು ಇಳಿದು ಎಷ್ಟು ದಿನವಾಗಿತ್ತು ಅನ್ನುವ ಹೊಸ ಕಲಂ ಅನ್ನು ಅದಕ್ಕೆ ಸೇರಿಸಿದೆವು. ಆ ಕಲಂನ ಅರ್ಧ ಪಾಲು ಅಪ್ಪನದು.

ಮಾರ್ಚಿಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಗಂಡಸರು ನೀರಿಗಿಳಿದಿದ್ದರು, ಪುರೋಹಿತರ ಮಂತ್ರ, ಸುತ್ತ ಒಡೆದ ಕುಡಿಕೆ, ಬಿಟ್ಟ ಬಟ್ಟೆ, ತೇಲುವ ಹೂವು. ನಾನು ಮೇಲಿನ ಮೆಟ್ಟಿಲಲ್ಲಿ ಅತ್ತೆಯನ್ನು ಹಿಡಿದುಕೊಂಡು ನಿಂತಿದ್ದೆ. ಆಚೆ ದಡದ ಜೊಂಡಿನ ಹತ್ತಿರ ನೀರು ಒಂದು ಕಡೆ ಮುರಿಯಿತು. ಒಂದು ತಲೆ, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ. ಏಳು. ನಾಲ್ಕು ದೊಡ್ಡವು, ಮೂರು ಅರ್ಧ ಬೆಳೆದವು. ಒಂದು ಬೆನ್ನಡಿಯಾಗಿ ತೇಲುತ್ತಾ ಎರಡೂ ಕೈಯಲ್ಲಿ ಮೀನು ಹಿಡಿದು, ಜೋಳದ ತೆನೆ ತಿನ್ನುವ ಹಾಗೆ ಕಚ್ಚಿ ತಿಂದಿತು. ಇಡುವ ಪಿಂಡಕ್ಕೆ ಮೀನು ಸೇರುತ್ತವೆ, ಮೀನಿಗೆ ಇವು ಬರುತ್ತವೆ ಅಂತ ಕಾಣುತ್ತದೆ. ಮೂರು ತಿಂಗಳು ಹಿಕ್ಕೆಯ ವಾಸನೆಯಲ್ಲೇ ಪರಿಚಯವಿದ್ದವರ ಮುಖ ಅವತ್ತು ಮೊದಲ ಸಲ ನೋಡಿದೆ. ಅಳುವವರ ನಡುವೆ ನಿಂತು ಬೆರಳು ಮಡಿಚಿ ಎಣಿಸಿದೆ, ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಆ ಏಳು ನನ್ನ ಪ್ರಬಂಧದ ಲೆಕ್ಕದಲ್ಲಿ ಇಲ್ಲ. ಪಶ್ಚಿಮವಾಹಿನಿ ನನ್ನ 48 ತುಂಡುಗಳ ಆಚೆಗಿತ್ತು. ಕೊನೆಯ ಪುಟದಲ್ಲಿ ಆಕಸ್ಮಿಕ ದಾಖಲೆ ಅಂತ ಒಂದು ಸಾಲು ಇದೆ, ದಿನಾಂಕ, ಹೊತ್ತು, ಸಂಖ್ಯೆ. ಯಾಕೆ ಹೋಗಿದ್ದೆ ಅಂತ ಬರೆಯಲಿಲ್ಲ.

ಮೂರನೇ ಸುತ್ತಿನಲ್ಲಿ 33 ಮತ್ತು 34ನೇ ತುಂಡು ಮಾಡಲಾಗಲಿಲ್ಲ. ಬೆಳಗಿನ ಆರೂವರೆಗೆ ಬೈಕಿನಲ್ಲಿ ಇಬ್ಬರು ಬಂದು ನಮ್ಮ ಸ್ಕೂಟಿಯ ನಂಬರಿನ ಫೋಟೋ ತೆಗೆದುಕೊಂಡರು. ಕೆಟ್ಟ ಮಾತೇನೂ ಆಡಲಿಲ್ಲ. "ಓದೋ ಮಕ್ಕಳು, ಮನೆಗೆ ಹೋಗಿ" ಅಂದರು, ಅಷ್ಟೇ. ಹಿಂದೆ ಹೊಳೆಯೊಳಗೆ ಟ್ರ್ಯಾಕ್ಟರ್ ನಿಂತಿತ್ತು. ಜೂನಿಯರ್ ಹುಡುಗಿಯ ಕೈ ತಣ್ಣಗಾಗಿತ್ತು. ನಾವು ಹೊರಟೆವು. ಆ ಎರಡು ತುಂಡಿಗೆ ಸೊನ್ನೆ ಹಾಕಲು ಬರುವುದಿಲ್ಲ, ಹೋಗಿ ನೋಡಿಲ್ಲವಲ್ಲ. ಖಾಲಿ ಬಿಡಬೇಕು. ಹಾಳೆಯಲ್ಲಿ ಖಾಲಿ ಬಿಟ್ಟ ಚೌಕ ಸೊನ್ನೆಗಿಂತ ಚಿಕ್ಕದಾಗಿ ಕಾಣುತ್ತದೆ, ಆದರೆ ನಾಲ್ಕು ತಿಂಗಳಲ್ಲಿ ನಾನು ಬರೆದುದರಲ್ಲಿ ಅತಿ ಕಷ್ಟದ್ದು ಅದೇ. ಕೊನೆಗೆ ಆ ಎರಡನ್ನೂ ಲೆಕ್ಕದಿಂದಲೇ ತೆಗೆದೆವು, 46 ಉಳಿಯಿತು.

ನೀರು ಇಳಿದು ಹದಿನೈದು ದಿನ ಕಾದು ಮಾಡಿದ ಆ ಸುತ್ತಿನಲ್ಲಿ 15 ತುಂಡುಗಳಲ್ಲಿ ಗುರುತು ಸಿಕ್ಕಿತು. ಮೂರೂ ಸುತ್ತು ಸೇರಿ ಒಂದು ಸಲವಾದರೂ ಸಿಕ್ಕಿದ್ದು 21ರಲ್ಲಿ. ಕಂಪ್ಯೂಟರು 27ರ ಆಸುಪಾಸು ಅಂದಿತು. ಅಂದರೆ ಸುಮಾರು ಆರು ತುಂಡುಗಳಲ್ಲಿ ಅವು ಇದ್ದೂ, ನಾವು ಮೂರು ಮೂರು ಸಲ ಪಕ್ಕದಲ್ಲೇ ನಡೆದು ಹೋಗಿದ್ದೆವು. ಯಾವ ಆರು ಅಂತ ಮಾತ್ರ ಅದು ಹೇಳುವುದಿಲ್ಲ. ಹಳೇ ಹೊಳೆಮತ್ತಿ ಮರಗಳ ಬೇರು ನೀರಿಗಿಳಿದಿರುವ ಕಡೆ, ಒಡ್ಡುಗಳ ಹಿಂದೆ ಆಳದ ನೀರು ನಿಂತಿರುವ ಕಡೆ ಗುರುತು ಹೆಚ್ಚು. ದಂಡೆಯನ್ನು ಕಲ್ಲು ಕಟ್ಟಿ ನೇರ ಮಾಡಿದ ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂರು ಬಿಲ ಸಿಕ್ಕಿದವು, ಮೂರೂ ಮತ್ತಿಯ ಬೇರಿನಡಿ. ಅವುಗಳ ಜಾಗವನ್ನು ಅಚ್ಚಾದ ಪ್ರತಿಯಲ್ಲಿ ಹಾಕಲಿಲ್ಲ. ಮರಿ ತೆಗೆಯುವವರೂ ಓದಬಲ್ಲರು.

ಇನ್ನು ಜರಡಿ. ಹಿಕ್ಕೆಯಲ್ಲಿ ಸಿಕ್ಕಿದ ಹುರುಪೆಗಳನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಮರದ ಕೊರಡಿನಲ್ಲಿ ಕಾಣುವ ಹಾಗೆ ಬಳೆಬಳೆ ಗೆರೆ. ಯಾವ ಮೀನಿನದು ಅಂತ ತಿಳಿಯಲು ಹೋಲಿಕೆಗೆ ಗೊತ್ತಿರುವ ಮೀನಿನದು ಬೇಕು. ಅದಕ್ಕೆ ಪ್ರತಿ ಭಾನುವಾರ ಅಪ್ಪ ತಂದ ಮೀನಿನಿಂದ ಅಮ್ಮ ಉಜ್ಜಿ ತೆಗೆದ ಹುರುಪೆಯನ್ನೇ ಕೇಳಿ ಇಸಿದುಕೊಂಡೆ: ಕಾಟ್ಲಾ, ರೋಹು, ಜಿಲೇಬಿ, ಒಂದೊಂದು ಪೊಟ್ಟಣ. ಹುರುಪೆಯೇ ಇಲ್ಲದ ಮೀಸೆಮೀನುಗಳನ್ನು ರೆಕ್ಕೆಯ ಗಟ್ಟಿ ಮುಳ್ಳಿನಿಂದ ಗುರುತಿಸಬೇಕು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಜಿಲೇಬಿಯದು. ಜಿಲೇಬಿ ನಮ್ಮ ಹೊಳೆಯದಲ್ಲ, ಆಫ್ರಿಕಾದಿಂದ ತಂದು ಕೆರೆಗಳಿಗೆ ಬಿಟ್ಟದ್ದು. ಈಗ ಎಲ್ಲೆಲ್ಲೂ ಅದೇ. ಇದನ್ನು ತೆಪ್ಪದ ಅಣ್ಣನಿಗೆ ಹೇಳಿದೆ, ಅವನ ಕಾಟ್ಲಾವನ್ನು ಅವು ಅಷ್ಟೇನೂ ತಿನ್ನುವುದಿಲ್ಲ ಅಂತ. "ಕಾಟ್ಲಾ ಇದ್ರೆ ತಾನೆ ತಿನ್ನಕೆ" ಅಂದ. ಬಲೆಯ ತೂತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ಬೇಕು ಅಂತ ಪ್ರಬಂಧದ ಕೊನೆಗೆ ಎರಡು ಸಾಲು ಬರೆದಿದ್ದೆ. ಅದನ್ನು ಓದಿ ಹೇಳಿದಾಗ ಎಷ್ಟು ಕೊಡ್ತಾರೆ, ಯಾವಾಗ ಕೊಡ್ತಾರೆ ಅಂತ ಕೇಳಿದ. ನಾನು ಸುಮ್ಮನಾದೆ.

ಪ್ರಬಂಧ ಸಲ್ಲಿಸಿದ ಮೇಲೆ ಮುಖ್ಯ ಭಾಗವನ್ನು ಕನ್ನಡದಲ್ಲಿ ನಾಲ್ಕು ಹಾಳೆ ಬರೆದು, ನಕ್ಷೆ ಸೇರಿಸಿ, ಮಾತಾಡಿಸಿದವರಿಗೆಲ್ಲ ಕೊಟ್ಟು ಬಂದೆ. 26ನೇ ತುಂಡಿನ ಮೇಲಿನ ಹೊಲದಜ್ಜ ಮೊಮ್ಮಗನಿಂದ ಓದಿಸಿಕೊಂಡು, ನಕ್ಷೆಯಲ್ಲಿ ತನ್ನ ಹೊಲ ಎಲ್ಲಿ ಅಂತ ಕೇಳಿದರು. ತೋರಿಸಿದೆ. ಅಲ್ಲಿ ಏನು ಬರೆದಿದೆ ಅಂದರು.

"ಸೊನ್ನೆ ಸೊನ್ನೆ ಸೊನ್ನೆ. ಮೂರು ಸಲವೂ ಸಿಗಲಿಲ್ಲ ಅಜ್ಜ."

"ಅದೆಂಗೆ ಸಿಗ್ತದೆ" ಅಂದರು ಅಜ್ಜ. "ನೀನ್ ಬತ್ತಿದ್ದುದು ಏಳ್ ಗಂಟೆಗೆ. ಅಷ್ಟೊತ್ಗೆ ನಾನು ಎಮ್ಮೆ ನೀರ್ಗೆ ಹೊಡ್ದಿರ್ತೀನಿ. ಮರಳೆಲ್ಲಾ ತುಳ್ದಾಕಿರ್ತವೆ. ಐದಕ್ಕೆ ಬಾ, ಬೇಕಾದ್ರೆ ತೋರುಸ್ತೀನಿ."

ಹಾಳೆ ತೆಗೆದು ನೋಡಿದೆ. 26ನೇ ತುಂಡು, ಎಮ್ಮೆ 11. ಮೂರು ಸಲವೂ ಬರೆದಿದ್ದೆ, ನೀರುನಾಯಿಗೆ ಇರುವ ತೊಂದರೆಗಳು ಅನ್ನುವ ಕಲಂನಲ್ಲಿ.